ನೆಲದಿಂದ ನಾಲ್ಕು ಬೆರಳು

ನಿಲುವಂಗಿ ನಡೆದು ಬರುತ್ತಿತ್ತು, ಒಳಗೆ ಮಗು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ತೋಳುಗಳು ನೆಲ ಗುಡಿಸುತ್ತಿದ್ದವು. ಕುತ್ತಿಗೆಗೆಂದು ಬಿಟ್ಟ ತೂತಿನಿಂದ ಎರಡು ಕಣ್ಣು ಮಾತ್ರ ಇಣುಕುತ್ತಿದ್ದವು. ಮೂರು ಹೆಜ್ಜೆ ಹೇಗೋ ಆಯಿತು, ನಾಲ್ಕನೆಯದಕ್ಕೆ ಅದು ಮುಗ್ಗರಿಸಿ ದೊಪ್ಪನೆ ಬಿತ್ತು. ಬಟ್ಟೆಯ ಗುಡ್ಡೆಯೊಳಗಿಂದ "ನಾನೆಲ್ಲಿದ್ದೀನಿ?" ಅಂತ ಕೂಗು ಬಂತು.

ಕೂಗಿದವಳು ಎಲ್ಲರೂ ಕಡ್ಲೆ ಅಂತ ಕರೆಯುವ ಹುಡುಗಿ. ನಾಲ್ಕು ವರ್ಷ, ಗುಂಪಿನಲ್ಲೆಲ್ಲ ಕಿರಿಯಳು. ಅವಳ ಹಿಂದೆಯೇ ಬಂದವಳು ಏಣಿ. ಹದಿಮೂರು ತುಂಬಿದ ಆ ಹುಡುಗಿ ಹೋದ ಒಂದು ವರ್ಷದಲ್ಲಿ ಯಾರನ್ನೂ ಕೇಳದೆ ಉದ್ದವಾಗಿಬಿಟ್ಟಿದ್ದಳು. ಅವಳ ನಿಲುವಂಗಿ ಮೊಣಕಾಲು ದಾಟುತ್ತಿದ್ದಂತೆಯೇ ಮುಗಿದುಹೋಗಿತ್ತು. "ಆಂಟಿ, ಇದರ ಮಿಕ್ಕಿದ್ದು ಎಲ್ಲಿ?" ಅಂತ ಅವಳು ಕೇಳಿದ್ದೇ ತಡ, ಚರ್ಚಿನ ಹಾಲ್‌ನಲ್ಲಿದ್ದ ಹದಿನೆಂಟು ಮಕ್ಕಳೂ ನಕ್ಕವು. ಗೋಡೆಗೊರಗಿ ನಿಂತಿದ್ದ ತಾಯಂದಿರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ನಗದವರು ಇಬ್ಬರೇ. ಒಬ್ಬಳು ಆ ಅಂಗಿಗಳನ್ನು ಹೊಲಿದವಳು. ಇನ್ನೊಬ್ಬಳು ಅವಳ ಓರಗಿತ್ತಿ, ಬಲಗೈಯ ಪ್ಲಾಸ್ಟರನ್ನು ಕುತ್ತಿಗೆಗೆ ನೇತುಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದವಳು. ಕುರ್ಚಿಯಲ್ಲಿ ಕೂತ ಹಿರಿಯವಳನ್ನು ಬೀದಿಯೆಲ್ಲ ಟೈಲರಮ್ಮ ಅನ್ನುತ್ತಿತ್ತು, ಅಂಗಿ ಹೊಲಿದ ಕಿರಿಯವಳನ್ನು ಪರದೆಯಮ್ಮ. ಟೈಲರಮ್ಮ ಒಂದು ನಿಮಿಷ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದ ನಿಮಿಷಗಳನ್ನು ಆ ಬೀದಿಯವರು ಬೆರಳಲ್ಲೇ ಎಣಿಸಿಬಿಡಬಹುದಿತ್ತು.

"ಯಾರ ಅಳತೆ ತೊಗೊಂಡೆ?"

"ಅವನದ್ದು." ಪರದೆಯಮ್ಮ ಒಂಬತ್ತು ವರ್ಷದ ಒಬ್ಬನನ್ನು ತೋರಿಸಿದಳು. ಅವನಿಗೆ ಮಾತ್ರ ಅಂಗಿ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಅವನು ಆ ಗಲಾಟೆಯ ನಡುವೆ ಬಹಳ ಗತ್ತಿನಲ್ಲಿ ನಿಂತಿದ್ದ.

"ಮಿಕ್ಕವರದ್ದು?"

"ಮಿಕ್ಕವರದ್ದು ಯಾಕಕ್ಕ? ಎಲ್ಲ ಒಂದೇ ಹಾಲ್‌ನಲ್ಲಿ ತಾನೆ ನಿಲ್ಲೋದು?"

ಹೇಳಿದ ಮೇಲೆ, ತಾನು ಹೇಳಿದ್ದು ಏನು ಅನ್ನುವುದು ಅವಳಿಗೇ ಕೇಳಿಸಿತು. ಮುಖ ಕಿವಿಯವರೆಗೂ ಕೆಂಪಾಯಿತು.

ಪಾಪ, ಅವಳ ತಪ್ಪೂ ಅಲ್ಲ. ಇಪ್ಪತ್ತಾರು ವರ್ಷದಿಂದ ಅವಳು ಪರದೆ ಅಂಗಡಿಗೆ ಹೊಲಿಯುತ್ತಿದ್ದಳು. ಆ ಕೆಲಸದ ಮೊದಲ ಪಾಠವೇ ಇದು: ಒಂದು ಕೋಣೆಯ ಪರದೆಗಳೆಲ್ಲ ಒಂದೇ ಗೆರೆಗೆ ನಿಲ್ಲಬೇಕು. ಒಂದು ಕಿಟಕಿಯ ಅಳತೆ ಸರಿಯಾಗಿ ತೆಗೆದರೆ ಆಯಿತು, ಉಳಿದವು ಅದರ ಹಿಂದೆ ಬರುತ್ತವೆ. ಒಂದು ಉದ್ದ, ಇನ್ನೊಂದು ಗಿಡ್ಡ ಆಯಿತೋ, ಗಿರಾಕಿ ಮನೆ ಬಾಗಿಲಿಗೆ ಬಂದು ಜಗಳ ಆಡುತ್ತಾನೆ. ಹಾಗೆಂದು ಅವಳು ಹದಿನೆಂಟೂ ಅಂಗಿಗಳನ್ನು ಒಂದರ ಮೇಲೊಂದು ಇಟ್ಟು, ಅಂಚಿಗೆ ಅಂಚು ಕೂಡಿಸಿ, ನೂಲಿನಷ್ಟೂ ಹೆಚ್ಚುಕಮ್ಮಿ ಆಗದಂತೆ ಕತ್ತರಿಸಿದ್ದಳು. ಆ ಕತ್ತರಿಕೆಯನ್ನು ನೋಡಿ ತನಗೆ ತಾನೇ ಭೇಷ್ ಅಂದುಕೊಂಡಿದ್ದಳು ಕೂಡ.

ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದ ಈ ಇಬ್ಬರ ಹೊಲಿಗೆ ಮೆಷಿನ್‌ಗಳು ಒಂದೇ ಕೋಣೆಯಲ್ಲಿ, ಒಂದಕ್ಕೊಂದು ಬೆನ್ನು ಮಾಡಿಕೊಂಡು ಇದ್ದವು. ಟೈಲರಮ್ಮನ ಕಡೆ ಕನ್ನಡಿ, ಕುರ್ಚಿ, ಬಂದು ಹೋಗುವ ಹೆಂಗಸರು, ಅವರ ಸೊಂಟದ ಸುತ್ತಳತೆ, ಅವರ ಮನೆಯ ಸುದ್ದಿ. ಪರದೆಯಮ್ಮನ ಕಡೆ ಬಟ್ಟೆಯ ಉರುಳೆ, ರಿಂಗಿನ ಡಬ್ಬಿ, ನೇರ ಹೊಲಿಗೆ. ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ, "ಅಕ್ಕ, ನನಗೂ ಅಂಗಿ ಹೊಲಿಯೋದು ಹೇಳಿಕೊಡಿ," ಅಂದಿದ್ದಳು. ಟೈಲರಮ್ಮ ಬಾಯಲ್ಲಿದ್ದ ಪಿನ್ ತೆಗೆಯದೆಯೇ, "ನಿನ್ನ ಕೈಗೆ ಕಿಟಕಿನೇ ಸರಿ ಕಣೇ. ಕಿಟಕಿ ಎದ್ದು ಓಡಾಡಲ್ಲ," ಅಂದಿದ್ದಳು. ಅದು ತಮಾಷೆಯೇ. ಆದರೆ ಎಷ್ಟು ಸಲ ಹೇಳಿದರೂ ಹಳೆಯದಾಗದ ತಮಾಷೆ. ಹೊಸ ಗಿರಾಕಿ ಬಂದಾಗಲೆಲ್ಲ ಟೈಲರಮ್ಮ ಹಿಂದಿನ ಮೆಷಿನ್ ಕಡೆ ಗಲ್ಲ ತೋರಿಸಿ, "ಇವಳು ಗೋಡೆಗೆ ಬಟ್ಟೆ ಹಾಕ್ತಾಳೆ, ನಾನು ಮನುಷ್ಯರಿಗೆ," ಅನ್ನುವಳು. ಗಿರಾಕಿ ನಗುವಳು. ಪರದೆಯಮ್ಮನೂ ನಗುವಳು. ಒಳಗೆ ಮಾತ್ರ ಪ್ರತಿ ಸಲವೂ ಚುರ್ ಅನ್ನುತ್ತಿತ್ತು.

ಚರ್ಚಿನ ಮಕ್ಕಳು ವರ್ಷಕ್ಕೊಮ್ಮೆ ಬೈಬಲ್ ಕಥೆ ಆಡುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದಕ್ಕೆ ಬಟ್ಟೆ ಹೊಲಿದವಳು ಟೈಲರಮ್ಮ. ಈ ಸಲ ಉಗ್ರಾಣದ ಸೂರು ಸೋರಿ ಹಳೆಯ ಉಡುಪೆಲ್ಲ ಬೂಸ್ಟು ಹಿಡಿದು ಹೋಗಿತ್ತು. ಎಲ್ಲವನ್ನೂ ಹೊಸದಾಗಿ ಹೊಲಿಯೋಣವೆಂದು ಅವಳು ಸ್ಟೂಲ್ ಹತ್ತಿ ಬೀರುವಿನ ಮೇಲಿಂದ ಬಟ್ಟೆಯ ಗಂಟು ಇಳಿಸಲು ಹೋಗಿ, ಗಂಟಿಗಿಂತ ಮೊದಲು ತಾನೇ ಇಳಿದಳು. ಮಣಿಕಟ್ಟು ಮುರಿಯಿತು. ಆವತ್ತು ಸಂಜೆ ಪರದೆಯಮ್ಮ ಅವಳಿಗೆ ಕಾಫಿ ಕೊಡುತ್ತ, ಎಲ್ಲೋ ನೋಡುತ್ತ, "ನಾನು ಹೊಲೀಲಾ ಅಕ್ಕ?" ಅಂದಳು. ಟೈಲರಮ್ಮ ಬಹಳ ಹೊತ್ತು ಲೋಟ ತಿರುಗಿಸಿದಳು. "ಅದೇನು ಬ್ರಹ್ಮವಿದ್ಯೆ ಅಲ್ಲ. ಬಟ್ಟೆ ಎರಡು ಮಡಿಕೆ ಮಾಡು, ತಲೆಗೊಂದು ತೂತು, ತೋಳಿಗೆ ಜಾಗ ಬಿಟ್ಟು ಎರಡೂ ಪಕ್ಕ ಹೊಲಿ, ಸೊಂಟಕ್ಕೊಂದು ಹಗ್ಗ. ಆಗಿನ ಕಾಲದವರು ಅಷ್ಟೇ ಹಾಕ್ತಿದ್ದದ್ದು," ಅಂದಳು. ಒಬ್ಬೊಬ್ಬ ಮಗುವಿನ ಅಳತೆಯನ್ನೂ ಬೇರೆಬೇರೆ ತೆಗೆದುಕೋ ಅಂತ ಹೇಳಲಿಲ್ಲ. ಅದನ್ನು ಹೇಳಬೇಕಾಗುತ್ತದೆಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಮೂರು ವಾರ ಪರದೆಯಮ್ಮ ಯಾರಿಗೂ ತೋರಿಸದೆ ಹೊಲಿದಳು. ಮನೆಯ ಹಳೆಯ ಹಾಸಿಗೆ ಹೊದಿಕೆಗಳು, ಅಂಗಡಿಯ ಬಟ್ಟೆ ತುಂಡುಗಳು. ಗೋಧಿ ಬಣ್ಣ, ಬೂದಿ ಬಣ್ಣ, ಮಣ್ಣಿನ ಬಣ್ಣ. ಎದ್ದು ಹೋಗುವಾಗ ಮೇಲೊಂದು ಬಟ್ಟೆ ಮುಚ್ಚುತ್ತಿದ್ದಳು. ಟೈಲರಮ್ಮ ಕುತ್ತಿಗೆ ಉದ್ದ ಮಾಡಿದರೆ, "ಶನಿವಾರ ನೋಡುವಿರಂತೆ," ಅನ್ನುತ್ತಿದ್ದಳು. ಗಂಡ, "ಏನೇ, ಇಬ್ಬರಿಗೂ ಜಗಳವಾ?" ಅಂತ ಕೇಳಿದರೆ, "ಜಗಳ ಆಡೋಕೆ ಪುರುಸೊತ್ತಿಲ್ಲ," ಅಂತ ಹಾಡಿಕೊಳ್ಳುವಳು. ಇಷ್ಟು ವರ್ಷದಲ್ಲಿ ಅವಳು ಹೊಲಿಗೆ ಹಾಕುತ್ತ ಹಾಡಿದ್ದನ್ನು ಅವನು ಕೇಳಿದ್ದೇ ಆಗ.

ಈಗ ಶನಿವಾರ ಬಂದಿತ್ತು, ಹೀಗೆ ಬಂದಿತ್ತು.

ಭಾನುವಾರದ ಪಾಠ ಹೇಳುವ ಟೀಚರಮ್ಮ ಕೈಗಡಿಯಾರ ನೋಡಿಕೊಂಡಳು. ಮಿಕ್ಕ ದಿನಗಳಲ್ಲಿ ಔಷಧಿ ಅಂಗಡಿ ನೋಡಿಕೊಳ್ಳುವ ಆಕೆಗೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು. "ಬೇಜಾರು ಮಾಡ್ಕೋಬೇಡಿ. ನಾಟಕ ನಾಳೆ ನಾಲ್ಕಕ್ಕೆ. ಬಾಡಿಗೆಗೆ ಡ್ರೆಸ್ ಕೊಡೋರು ಇವತ್ತು ಐದರವರೆಗೂ ಬಾಗಿಲು ತೆಗೆದಿರ್ತಾರೆ. ಒಂದು ಫೋನ್ ಮಾಡಿಬಿಡ್ಲಾ?"

"ಅವರ ಹತ್ರ ಇರೋದೆಲ್ಲ ಮಿರಮಿರ ಮಿಂಚೋದು," ಅಂದಳು ಟೈಲರಮ್ಮ. "ಮರಳುಗಾಡಲ್ಲಿ ನಡೆದು ಬಂದವರಿಗೆ ಜರಿ ಎಲ್ಲಿಂದ ಬರುತ್ತೆ?"

"ಮತ್ತೆ ಏನು ಮಾಡೋದು, ನೀವೇ ಹೇಳಿ."

ಟೈಲರಮ್ಮ ತನ್ನ ಪ್ಲಾಸ್ಟರ್ ನೋಡಿಕೊಂಡಳು. ಆಮೇಲೆ ಓರಗಿತ್ತಿಯ ಕಡೆ ನೋಡದೆಯೇ, "ಮಾಡಿ, ಫೋನ್ ಮಾಡಿ," ಅಂದಳು.

ಪರದೆಯಮ್ಮನಿಗೆ ಕಣ್ಣು ತುಂಬಿ ಬಂತು. ಮಕ್ಕಳ ಮುಂದೆ ಅಳಬಾರದೆಂದು ಅವಳು ಬಗ್ಗಿ, ನೆಲದ ಮೇಲೆ ಇನ್ನೂ ತಡಕಾಡುತ್ತಿದ್ದ ಕಡ್ಲೆಯನ್ನು ಎತ್ತಿ ನಿಲ್ಲಿಸಿದಳು. ಇದು ಕೈತಪ್ಪಿತೋ, ಇನ್ನು ಜನ್ಮದಲ್ಲಿ ಯಾರೂ ತನಗೆ ಒಂದು ಮಗುವಿನ ಅಂಗಿಯನ್ನೂ ನಂಬಿ ಕೊಡುವುದಿಲ್ಲ. ಸಾಯುವವರೆಗೂ ಕಿಟಕಿಯೇ ಗತಿ. ಕೇಳುವವರೂ ಇರುವುದಿಲ್ಲ, ತಾನೂ ಕೇಳುವುದಿಲ್ಲ.

ಕಡ್ಲೆಗೆ ಈ ದುಃಖ ಯಾವುದೂ ಗೊತ್ತಿರಲಿಲ್ಲ. ಅವಳು ಎರಡೂ ಮುಷ್ಟಿಯಲ್ಲಿ ಹೊಟ್ಟೆಯ ಹತ್ತಿರ ಬಟ್ಟೆಯನ್ನು ಹಿಡಿದು ಮೇಲಕ್ಕೆಳೆದುಕೊಂಡು, ಕಾಲು ಹೊರಬಂದ ಖುಷಿಗೆ ಎರಡು ಸಲ ಕುಣಿದಳು. ಅಂಚು ಮೇಲೆದ್ದಿತ್ತು. ಸೊಂಟದ ಮೇಲೆ ಬಟ್ಟೆ ಉಬ್ಬಿ ಬಾಗಿತ್ತು. ಪರದೆಯಮ್ಮ ಅದನ್ನೇ ನೋಡಿದಳು. ಹೀಗೆ ಬಟ್ಟೆಯನ್ನು ಎತ್ತಿ, ಹಗ್ಗ ಬಿಗಿದು, ಮೇಲಿನದನ್ನು ಹಗ್ಗದ ಮೇಲೆ ಇಳಿಬಿಡುವುದು ಅವಳಿಗೆ ಹೊಸದೇ? ದೊಡ್ಡ ಮನೆಗಳ ಪರದೆಗಳನ್ನು ನಡುವಿಗೆ ಕಟ್ಟಿ ಬಿಡುವುದು ಅವಳ ದಿನನಿತ್ಯದ ಕೆಲಸ.

"ಟೀಚರ್, ಫೋನ್ ಇಡಿ," ಅಂದಳು. "ಐದು ಗಂಟೆವರೆಗೂ ನನಗೆ ಬಿಡಿ. ಆಗಿಲ್ಲ ಅಂದ್ರೆ ನಾನೇ ಹೋಗಿ ಆ ಜರಿ ಬಟ್ಟೆ ಹೊತ್ಕೊಂಡು ಬರ್ತೀನಿ."

ಎರಡು ಕುರ್ಚಿಗಳನ್ನು ವೇದಿಕೆಯ ಎರಡು ತುದಿಗೆ ಇಟ್ಟಳು. ಅವುಗಳ ಕಾಲಿಗೆ ನೂಲು ಕಟ್ಟಿ, ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ಬಿಗಿಯಾಗಿ ಎಳೆದಳು. ಮಕ್ಕಳನ್ನು ಅದರ ಹಿಂದೆ ಸಾಲಾಗಿ ನಿಲ್ಲಿಸಿದಳು. ಒಂದು ತುದಿಯಲ್ಲಿ ಕಡ್ಲೆ, ಇನ್ನೊಂದು ತುದಿಯಲ್ಲಿ ಏಣಿ. ಆಮೇಲೆ ಮೊಣಕಾಲೂರಿ ಕೂತು ಒಬ್ಬೊಬ್ಬರ ಸೊಂಟಕ್ಕೂ ಹಗ್ಗ ಕಟ್ಟಿ, ಅಂಚು ನೂಲಿಗೆ ತಾಗುವವರೆಗೂ ಬಟ್ಟೆಯನ್ನು ಮೇಲೆಳೆದು, ಜಾರದ ಹಾಗೆ ಒಳಗಡೆ ಟಾಕಾ ಹೊಲಿಗೆ ಹಾಕುತ್ತ ಹೋದಳು. "ಅಲ್ಲಾಡಬೇಡ ಕಂದ. ಹಲ್ಲು ಬೇಕಾದ್ರೆ ಬಿಡು, ಕಾಲು ಎತ್ತಬೇಡ."

"ಅದಲ್ಲ ಕಣೇ ಕ್ರಮ," ಕುರ್ಚಿಯಿಂದ ದನಿ ಬಂತು. "ಹೆಗಲಿನಿಂದ ಅಳಿ. ಪ್ರತಿ ಮಗುಗೂ ಪಾದದ ಗೆಣ್ಣು ಬೇರೆ ಕಡೆ ಇರುತ್ತೆ. ಮೊದಲು ಹೆಗಲು ನೋಡು, ಆಮೇಲೆ..."

"ನಾನು ನೆಲದಿಂದ ಅಳೀತಿದ್ದೀನಿ ಅಕ್ಕ."

"ಮನುಷ್ಯರನ್ನ ಯಾರಾದ್ರೂ ನೆಲದಿಂದ ಅಳೀತಾರಾ? ಆ ಟಾಕಾ ದೊಡ್ಡದಾಯ್ತು. ಅವನ ಬೆನ್ನ ಹತ್ರ ನೋಡು, ಅಲ್ಲಿ..."

"ಅಕ್ಕ, ಒಂಚೂರು ಸುಮ್ಮನೆ ಕೂತ್ಕೊಳ್ಳಿ."

ಗೋಡೆಗೊರಗಿದ್ದ ತಾಯಂದಿರಲ್ಲಿ ಒಬ್ಬಳು ಕೆಮ್ಮಿದಳು. ಟೀಚರಮ್ಮ ಮೇಲೆ ಫ್ಯಾನ್ ನೋಡಿದಳು. ಪರದೆಯಮ್ಮನ ಕೈಯೂ ಅರೆ ಕ್ಷಣ ನಿಂತಿತು, ಹೇಳಿದ್ದು ತಾನೇನಾ ಅಂತ. ಆಮೇಲೆ ಮುಂದಿನ ಮಗುವಿಗೆ ಸರಿದಳು, ಹಿಂತಿರುಗಿ ನೋಡುವ ಧೈರ್ಯ ಇಲ್ಲದೆ.

ಸ್ವಲ್ಪ ಹೊತ್ತಿಗೆ ಅವಳು ಪಿನ್‌ಗೆಂದು ಕೈ ಚಾಚಿದಳು. ಪಿನ್ ಡಬ್ಬಿ ನೆಲದ ಮೇಲೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕೈಗೆ ನೇರವಾಗಿ ಒಂದು ಪಿನ್ ಬಂತು. ಟೈಲರಮ್ಮ ಪಕ್ಕದಲ್ಲಿ ನಿಂತಿದ್ದಳು, ಡಬ್ಬಿಯನ್ನು ಪ್ಲಾಸ್ಟರಿನ ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ಒಂದೊಂದೇ ಪಿನ್ ತೆಗೆದು ಕೊಡುತ್ತ. ಮುಖ ಗಂಟಿಕ್ಕಿಯೇ ಇತ್ತು. ಬಾಯಿ ಮಾತ್ರ ಬಿಡಲಿಲ್ಲ.

ಗಿಡ್ಡ ಮಕ್ಕಳದು ಸುಲಭ, ತೋಳು ಮಡಿಸಿ ಮೇಲೆಳೆದರೆ ಮುಗಿಯಿತು. ಉದ್ದದವರು ಮೂವರಿದ್ದರು. ಅವರಿಗೆ ಹೊದಿಕೆಯ ಮಿಕ್ಕ ತುಂಡುಗಳನ್ನು ಅಗಲ ಪಟ್ಟಿಯಾಗಿ ಹರಿದು ಅಂಚಿಗೆ ಕೂಡಿಸಿದಳು. ಏಣಿಗೆ ಒಂದು ಪಟ್ಟಿ ಸಾಲದೆ ಎರಡು ಬೇಕಾಯಿತು, ಮೊದಲು ಬೂದಿ ಬಣ್ಣದ್ದು, ಕೆಳಗೆ ಗಾಢ ಕಂದು. ಏಣಿ ತಲೆ ಬಗ್ಗಿಸಿ ನೋಡಿಕೊಂಡು, ಒಮ್ಮೆ ಸುತ್ತಿ, "ಆಂಟಿ, ನಂದೇ ಎಲ್ಲರಿಗಿಂತ ಚೆನ್ನಾಗಿದೆ," ಅಂತ ಪಿಸುಗುಟ್ಟಿದಳು. ಪರದೆಯಮ್ಮ ಗಡಿಯಾರ ನೋಡಿದಳು. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಟೀಚರಮ್ಮ ಫೋನನ್ನು ಚೀಲದೊಳಗೆ ಹಾಕಿಕೊಂಡಳು.

ಮರುದಿನ ಟೈಲರಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷವೂ ಅವಳು ನಾಟಕದ ಹೊತ್ತಿನಲ್ಲಿ ವೇದಿಕೆಯ ಪಕ್ಕದ ಇಕ್ಕಟ್ಟಿನಲ್ಲಿ, ಸೂಜಿ ದಾರ ಹಿಡಿದು, ಬಿಚ್ಚಿದ ಹೊಲಿಗೆ ಹಾಕುತ್ತ, ಮಕ್ಕಳ ಮೂಗು ಒರೆಸುತ್ತ ನಿಂತವಳು. ಅವಳಿಗೆ ಬೈಬಲ್ ಕಥೆಗಳೆಲ್ಲ ಬೆನ್ನಿನ ಕಡೆಯಿಂದಲೇ ಗೊತ್ತು. ಈ ಸಲ ಅಲ್ಲಿ ಪರದೆಯಮ್ಮ ಇದ್ದಳು. ಒಂದು ಕೈಯವಳು ಅಲ್ಲಿ ಅಡ್ಡವೇ ಹೊರತು ಉಪಯೋಗವಿಲ್ಲ. ಮೈದುನ ಅವಳನ್ನು ಎರಡನೆಯ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡ. "ಅತ್ತಿಗೆ, ಸುಮ್ಮನೆ ಕೂತು ನೋಡಿ. ನಾನು ಪ್ರತಿ ವರ್ಷ ಹಾಗೇ ಮಾಡೋದು, ಏನೂ ಕಷ್ಟ ಇಲ್ಲ," ಅಂದ.

ಯೆರಿಕೋ ಪಟ್ಟಣದ ಕಥೆ. ವೇದಿಕೆಯ ನಡುವೆ ಔಷಧಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿ, ಕಲ್ಲಿನ ಬಣ್ಣ ಬಳಿದು ಕೋಟೆ ಕಟ್ಟಿದ್ದರು. ಅದರ ಸುತ್ತ ಇಸ್ರಾಯೇಲರು ಏಳು ಸುತ್ತು ಬರಬೇಕು, ಆಮೇಲೆ ಕೊಂಬು ಊದಿ ಆರ್ಭಟಿಸಬೇಕು, ಆಗ ಗೋಡೆ ಬೀಳಬೇಕು. ಅವರ ನಾಯಕ ಯೆಹೋಶುವನಾಗಿ ಮುಂದೆ ನಡೆದವಳು ಏಣಿ. ಹೋದ ವರ್ಷವೆಲ್ಲ ಗೂನು ಬೆನ್ನು ಮಾಡಿಕೊಂಡು ಓಡಾಡುತ್ತಿದ್ದ ಹುಡುಗಿ, ಈಗ ಬೆನ್ನು ನೆಟ್ಟಗೆ ಮಾಡಿ ಬಂದಳು. ಹಿಂದೆ ಕೊಂಬು ಹಿಡಿದ ಯಾಜಕರು, ಅವರ ಹಿಂದೆ ಸೈನ್ಯ, ಸೈನ್ಯದ ಕೊನೆಗೆ ಕಡ್ಲೆ.

ಟೈಲರಮ್ಮ ಮೊದಲು ನೋಡಿದ್ದು ಕುತ್ತಿಗೆಗಳನ್ನು. ಎರಡು ಕಡೆ ಸೊಟ್ಟ. ಆಮೇಲೆ ತೋಳು. ಒಂದರಲ್ಲಿ ಟಾಕಾ ಕಾಣುತ್ತಿತ್ತು. ಮನಸ್ಸಿನಲ್ಲೇ ಬಿಚ್ಚಿದಳು, ಮನಸ್ಸಿನಲ್ಲೇ ಹೊಲಿದಳು. ಆಮೇಲೆ ಕಣ್ಣು ಕೆಳಗಿಳಿಯಿತು.

ಕೋಟೆಯೊಳಗಿನ ಇಬ್ಬರನ್ನು ಬಿಟ್ಟು ಉಳಿದ ಹದಿನಾರು ಅಂಗಿಗಳ ಅಂಚು ಒಂದೇ ಗೆರೆಯಲ್ಲಿ ಹೋಗುತ್ತಿತ್ತು. ಮೇಲೆ ತಲೆಗಳು ಹತ್ತಿ ಇಳಿಯುತ್ತಿದ್ದವು, ಒಂದು ಎತ್ತರ, ಒಂದು ಗಿಡ್ಡ. ಕೆಳಗೆ ಮಾತ್ರ ಏಣಿಯಿಂದ ಕಡ್ಲೆಯವರೆಗೂ ನೆಲದಿಂದ ನಾಲ್ಕೇ ಬೆರಳು, ಒಂದು ನೂಲು ಆಚೆಯಿಲ್ಲ ಈಚೆಯಿಲ್ಲ. ಅದರ ಕೆಳಗೆ ಮೂವತ್ತೆರಡು ಬರಿಗಾಲು ನಡೆಯುತ್ತಿದ್ದವು. ಹಳೆಯ ಹಾಸಿಗೆ ಹೊದಿಕೆ ಅನ್ನುವುದೇ ಮರೆತುಹೋಯಿತು. ಒಂದು ಜನಾಂಗವೇ ಎಲ್ಲಿಂದಲೋ ಹೊರಟು ಎಲ್ಲಿಗೋ ನಡೆಯುತ್ತಿದೆ ಅನ್ನಿಸಿತು. ಟೈಲರಮ್ಮ ತಾನು ಹೊಲಿದ ಇಪ್ಪತ್ತೆರಡು ವರ್ಷದ ಅಂಗಿಗಳನ್ನು ನೆನೆಸಿಕೊಂಡಳು. ಒಂದೊಂದೂ ಒಂದೊಂದು ಮೈಗೆ ಸರಿಯಾಗಿ ಕೂತಿದ್ದವು, ಅದರಲ್ಲಿ ಎರಡು ಮಾತಿಲ್ಲ. ಎಲ್ಲ ಒಟ್ಟಿಗೆ ನಿಂತರೆ ಹೇಗೆ ಕಾಣುತ್ತವೆ ಅಂತ ಒಂದು ದಿನವಾದರೂ ಎದುರಿಗೆ ಬಂದು ನೋಡಿದ್ದಳೇ? ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಮೈದುನನ ಪಕ್ಕೆಗೆ ಎಡಗೈ ಮೊಣಕೈಯಿಂದ ತಿವಿದು, "ನಿನ್ನ ಹೆಂಡತಿ ಕೆಲಸ ನೋಡೋ," ಅಂದಳು. ಪಾಪ, ಅವನು ಆಗತಾನೇ ತೂಕಡಿಸತೊಡಗಿದ್ದ.

ನಾಲ್ಕನೆಯ ಸುತ್ತಿಗೆ ಒಬ್ಬ ಯಾಜಕ ಸೀನಿದ. ಗೋಡೆ ಬಿತ್ತು. ಕೋಟೆಯೊಳಗಿದ್ದ ಇಬ್ಬರು ಮಕ್ಕಳು, ಇನ್ನೂ ತಮ್ಮ ಹೊತ್ತು ಬಂದಿಲ್ಲವೆಂದು, ಪೆಟ್ಟಿಗೆಗಳ ನಡುವೆ ಕಣ್ಣು ಪಿಳಿಪಿಳಿ ಬಿಟ್ಟರು. ಏಣಿ ಒಂದು ಕ್ಷಣ ಟೀಚರಮ್ಮನ ಕಡೆ ನೋಡಿ, ತಲೆ ಎತ್ತಿ ಮುಂದೆ ನಡೆದಳು. ಸೈನ್ಯವೆಲ್ಲ ಬಿದ್ದ ಗೋಡೆಯನ್ನು ಇನ್ನೂ ಮೂರು ಸುತ್ತು ಶ್ರದ್ಧೆಯಿಂದ ಸುತ್ತಿ ಲೆಕ್ಕ ಮುಗಿಸಿತು. ಕೊನೆಗೆ ಆರ್ಭಟ ಕೇಳಿದ ಮೇಲೆ ಕೋಟೆಯೊಳಗಿನವರು ನೆನಪಾಗಿ ದೊಪ್ಪನೆ ಬಿದ್ದರು. ಜನ ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಚಪ್ಪಾಳೆ ತಟ್ಟಿದರು. ಒಂದು ಕೈಯಲ್ಲಿ ಚಪ್ಪಾಳೆ ತಟ್ಟಲಾಗದೆ ಟೈಲರಮ್ಮ ತೊಡೆ ತಟ್ಟಿದಳು.

ಪಕ್ಕದ ಇಕ್ಕಟ್ಟಿನಲ್ಲಿ ಪರದೆಯಮ್ಮ ಮಕ್ಕಳ ಅಂಗಿ ಬಿಚ್ಚುತ್ತಿದ್ದಳು. ಟಾಕಾ ಕತ್ತರಿಸುವುದು, ತಲೆಯ ಮೇಲಿಂದ ಎಳೆಯುವುದು, ಕೆದರಿದ ಕೂದಲು ಸವರಿ ಕಳಿಸುವುದು. ಕಡ್ಲೆ ಬಿಚ್ಚಲು ಒಪ್ಪಲಿಲ್ಲ, ಹಾಗೇ ಮನೆಗೆ ಹೋದಳು. ಕೊನೆಯ ಮಗುವೂ ಹೋದ ಮೇಲೆ ಪರದೆಯಮ್ಮ ಅಂಗಿಗಳನ್ನು ಮಡಿಸಲು ಕೂತಳು. ಅಷ್ಟರಲ್ಲಿ ಇನ್ನೊಬ್ಬರು ಬಂದು ನಿಂತ ಹಾಗಾಯಿತು. ತಲೆಯೆತ್ತಿದರೆ ಟೈಲರಮ್ಮ.

"ಏನಕ್ಕ, ಏನಾದ್ರೂ ಬೇಕಿತ್ತಾ?"

"ಏನಿಲ್ಲ." ಟೈಲರಮ್ಮ ಮಡಿಸಿದ ಅಂಗಿಗಳ ರಾಶಿ ನೋಡಿದಳು, ಕಿಟಕಿ ನೋಡಿದಳು. "ಡಾಕ್ಟರು ಇನ್ನೂ ಒಂದು ತಿಂಗಳು ಈ ಕಟ್ಟು ಬಿಚ್ಚಲ್ಲ ಅಂದಿದ್ದಾರೆ. ಈ ಕೈ ತೂರೋದು ಎರಡೇ ಅಂಗಿಗೆ. ಅದನ್ನೇ ಒಗೆದು ಹಾಕಿ ಒಗೆದು ಹಾಕಿ ಸಾಕಾಯ್ತು. ಅಗಲ ತೋಳಿಂದು ಒಂದು ಬೇಕಿತ್ತು."

"ಯಾರ ಹತ್ರ ಹೊಲಿಸ್ತೀರಿ?" ಪರದೆಯಮ್ಮ ನಿಜವಾಗಿಯೇ ಕೇಳಿದಳು.

"ಯಾರ ಹತ್ರ ಅಂತೆ! ಟೇಪು ನಿನ್ನ ಕುತ್ತಿಗೇಲೇ ನೇತಾಡ್ತಿದೆಯಲ್ಲ."

ಟೈಲರಮ್ಮ ಬುದ್ಧಿ ಬಂದಮೇಲೆ ಮತ್ತೊಬ್ಬರ ಹೊಲಿಗೆ ತೊಟ್ಟವಳಲ್ಲ. ತನ್ನ ಮದುವೆಯ ಬಟ್ಟೆಯನ್ನೂ ತಾನೇ ಹೊಲಿದುಕೊಂಡಿದ್ದಳು. ಅದು ಮನೆಯವರಿಗೆಲ್ಲ ಗೊತ್ತು, ಪರದೆಯಮ್ಮನಿಗೂ ಗೊತ್ತು. ಅವಳು ಎದ್ದಳು. ಟೇಪು ತೆಗೆದಳು. ಹೆಗಲಿನ ಅಳತೆ ತೆಗೆದುಕೊಂಡು ಅಂಗೈ ಮೇಲೆ ಪೆನ್ನಿನಿಂದ ಬರೆದಳು. ಪ್ಲಾಸ್ಟರಿನ ಸುತ್ತಳತೆ ತೆಗೆದುಕೊಂಡಳು, ಅದನ್ನೂ ಬರೆದಳು. ಟೇಪು ಸೊಂಟದ ಸುತ್ತ ಬಂದಾಗ, ಸಾವಿರಾರು ಹೆಂಗಸರನ್ನು ಅಳೆದ ಆ ಟೈಲರಮ್ಮ, ಸಟ್ಟನೆ ಹೊಟ್ಟೆ ಒಳಕ್ಕೆಳೆದುಕೊಂಡು ಗಲ್ಲ ಮೇಲೆತ್ತಿದಳು.

"ಉಸಿರು ಬಿಡಿ ಅಕ್ಕ."

"ಬಿಟ್ಟೇ ಇದೀನಲ್ಲ."

"ಇಲ್ಲ, ಬಿಟ್ಟಿಲ್ಲ."

ಹೊರಗೆ ಮಕ್ಕಳು ರಟ್ಟಿನ ಪೆಟ್ಟಿಗೆಗಳನ್ನು ಒದೆಯುತ್ತ ಕಿರುಚಾಡುತ್ತಿದ್ದರು. ಪರದೆಯಮ್ಮ ಟೇಪಿನ ಎರಡು ತುದಿಗಳನ್ನು ಸಡಿಲವಾಗಿ ಹಿಡಿದು, ಅವಸರ ಮಾಡದೆ ಕಾದಳು. ಸ್ವಲ್ಪ ಹೊತ್ತಿಗೆ ಟೇಪು ಅವಳ ಬೆರಳುಗಳ ನಡುವೆ ಒಂದು ಅಂಗುಲ ಸರಿಯಿತು, ಆಮೇಲೆ ಇನ್ನೊಂದು.